ಹುಲಿ ಹೊಡೆದವರ ಮನೆಯ ಕಲ್ಲು

ಗುಂಡ್ಲುಪೇಟೆಯಲ್ಲಿ ತರಕಾರಿ ಮಂಡಿ ಇಟ್ಟಿರುವ ನೀಲಕಂಠಸ್ವಾಮಿಯವರಿಗೆ ಅರವತ್ತೊಂದು ತುಂಬಿದ ವರ್ಷ ಪೂರ್ವಿಕರ ಹುಚ್ಚು ಹಿಡಿಯಿತು. ಅಲ್ಲಿಯವರೆಗೆ ಅವರಿಗೆ ಇದ್ದದ್ದು ಸಣ್ಣ ಈರುಳ್ಳಿಯ ಚಿಂತೆ ಒಂದೇ. ಕೇರಳದ ಲಾರಿಗಳಿಗೆ ಮೂಟೆ ತುಂಬಿಸಿ, ರಾತ್ರಿ ಒಂಬತ್ತು ಗಂಟೆಗೆ ಬಂಡೀಪುರದ ಗೇಟು ಬೀಳುವುದರೊಳಗೆ ಅವನ್ನು ಕಾಡು ದಾಟಿಸಿಬಿಟ್ಟರೆ ಅವರ ದಿನ ಮುಗಿಯುತ್ತಿತ್ತು. ಯಾರಾದರೂ ಮನೆತನದ ಮಾತೆತ್ತಿದರೆ ಮಾತ್ರ ಎದೆ ಉಬ್ಬಿಸಿ, ನಮ್ಮದು ಹಂಗಳದ ಹುಲಿ ಹೊಡೆದವರ ಮನೆ ಎನ್ನುತ್ತಿದ್ದರು. ಮುತ್ತಾತ ಪಟೇಲ್ ಚಿಕ್ಕಮಲ್ಲಪ್ಪನವರು ಹಟ್ಟಿಗೆ ನುಗ್ಗಿದ ಹುಲಿಯನ್ನು ಭರ್ಜಿಯಿಂದ ತಿವಿದು ಕೊಂದರೆಂದೂ, ಮಹಾರಾಜರು ಮೆಚ್ಚಿ ಹೊಲ ಕೊಟ್ಟರೆಂದೂ ಅವರು ಹೇಳುತ್ತಿದ್ದ ಕತೆ. ಹೊಲದ ಎಕರೆಗಳು ವರ್ಷಕ್ಕೊಂದು ಹೆಚ್ಚುತ್ತಿದ್ದವು. ಹುಲಿಯೂ ಬೆಳೆಯುತ್ತಿತ್ತು.

ಹುಚ್ಚು ಹತ್ತಿಸಿದವರು ಎದುರು ಮಂಡಿಯವರು. ಅವರು ತಮ್ಮೂರಿನ ದಾರಿಗೆ ಮುತ್ತಾತನ ಹೆಸರಿನಲ್ಲಿ ಸಿಮೆಂಟಿನ ಕಮಾನು ಕಟ್ಟಿಸಿ, ಅದರ ಮೇಲೆ ಆ ಮುತ್ತಾತ ಹುಟ್ಟಿದ ದಿನ, ಲಿಂಗೈಕ್ಯನಾದ ದಿನ ಎರಡನ್ನೂ ಬಂಗಾರದ ಬಣ್ಣದಲ್ಲಿ ಬರೆಸಿದರು. ನೀಲಕಂಠಸ್ವಾಮಿಯವರು ಅದನ್ನು ಕಾರು ನಿಲ್ಲಿಸಿ ಎರಡು ಸಲ ಓದಿದರು. ಹುಲಿ ಹೊಡೆದವರ ಮನೆಗೆ ಒಂದು ಬೋರ್ಡೂ ಇಲ್ಲ, ಟೊಮೆಟೊ ಮಾರುವವರ ಮನೆಗೆ ಕಮಾನು ಬಂತಲ್ಲ ಎಂದು ಈರುಳ್ಳಿ ಮಾರುವ ಇವರ ಹೊಟ್ಟೆ ಉರಿಯಿತು.

ಮನೆಗೆ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ವಂಶವೃಕ್ಷ ಬರೆಸುವುದು, ಕಾಗದದ ಮೇಲಲ್ಲ, ಚಾಮರಾಜನಗರದ ಕರಿಕಲ್ಲಿನ ಮೇಲೆ. ಆರಡಿ ಎತ್ತರ, ನಾಲ್ಕಡಿ ಅಗಲ. ಹಂಗಳದ ಹೊಲದಲ್ಲಿ ಬೇವಿನ ಮರದ ಕೆಳಗೆ ಹಿರಿಯರ ಸಮಾಧಿ ಗದ್ದಿಗೆಗಳಿದ್ದವು. ಅವುಗಳ ಎದುರಿಗೆ ಕಲ್ಲು ನಿಲ್ಲಿಸಿ, ಶ್ರಾವಣದ ಮೂರನೇ ಸೋಮವಾರ ಮಠದ ಸ್ವಾಮಿಗಳ ಕೈಯಲ್ಲಿ ಪರದೆ ತೆಗೆಸುವುದು. ಎದುರು ಮಂಡಿಯವರಿಗೆ ಮೊದಲ ಸಾಲಿನಲ್ಲೇ ಕುರ್ಚಿ ಹಾಕಿಸುವುದು.

ಕಲ್ಲು ಕೆತ್ತುವ ರಘುನಾಥನ ಶೆಡ್ಡು ಚಾಮರಾಜನಗರದ ರಸ್ತೆಯಲ್ಲಿತ್ತು. ಅವನು ಕಂಪ್ಯೂಟರಿನಲ್ಲಿ ನಕ್ಷೆ ಮಾಡಿಕೊಟ್ಟ. ತುದಿಯಲ್ಲಿ ಹುಲಿಯನ್ನು ತಿವಿಯುತ್ತಿರುವ ಚಿಕ್ಕಮಲ್ಲಪ್ಪ. ಅವರ ಫೋಟೋ ಯಾರ ಹತ್ತಿರವೂ ಇರಲಿಲ್ಲವಾದ್ದರಿಂದ ನೀಲಕಂಠಸ್ವಾಮಿಯವರ ಮುಖಕ್ಕೇ ದೊಡ್ಡ ಮೀಸೆ ಅಂಟಿಸಲಾಗಿತ್ತು. ಅವರ ಕೆಳಗೆ ಮಗ ಗುರುಮಲ್ಲಪ್ಪ, ಅವರ ಕೆಳಗೆ ಮಗ ಪುಟ್ಟಬಸಪ್ಪ. ಪುಟ್ಟಬಸಪ್ಪನವರ ಕೆಳಗೆ ಎರಡು ಕೊಂಬೆ: ಹಿರಿಯ ಮಗ ನೀಲಕಂಠಸ್ವಾಮಿ, ಕಿರಿಯ ಮಗ ರಾಜಶೇಖರ್. ರಾಜಶೇಖರನ ಕೆಳಗೆ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಅವನ ಮಗ ಬಸವಪ್ರಸಾದ್. ನೀಲಕಂಠಸ್ವಾಮಿಯವರ ಕೆಳಗೆ ಏನೂ ಇರಲಿಲ್ಲ.

ನಕ್ಷೆ ಮನೆಯವರ ವಾಟ್ಸಾಪ್ ಗುಂಪಿಗೆ ಬಿದ್ದ ಅರ್ಧ ಗಂಟೆಗೆ ತಂಗಿ ಸುಧಾಮಣಿಯ ಫೋನು ಬಂತು. ಚಾಮರಾಜನಗರದಲ್ಲಿ ಮೂವತ್ತು ವರ್ಷ ಟೀಚರಾಗಿದ್ದು ನಿವೃತ್ತಳಾದವಳು, ಇಬ್ಬರು ಗಂಡುಮಕ್ಕಳ ನಡುವೆ ಹುಟ್ಟಿದವಳು.

"ಅಣ್ಣ, ನನ್ನೆಸ್ರು ಬುಟ್ಟೋಗದೆ," ಎಂದಳು.

"ಬುಟ್ಟೋಗಿಲ್ಲ ಸುಧಾ, ಬುಟ್ಟಿದೀವಿ. ಗಂಡು ಸಂತಾನ ಮಾತ್ರ ಬರ್ಸಾದು ರೂಢಿ ಕಣಮ್ಮ."

ರೂಢಿಯ ಹಿಂದೆ ವಕೀಲರಿದ್ದರು. ಕಲ್ಲಿನ ಮೇಲೆ ಬಂದ ಹೆಸರು ನಾಳೆ ಪಹಣಿಗೂ ಬರುತ್ತದೆ, ಅಪ್ಪನ ಹೊಲಕ್ಕೆ ತಾನೂ ವಾರಸುದಾರಳೆಂದು ತಂಗಿ ಕಲ್ಲಿನ ಫೋಟೋ ಹಿಡಿದು ಕೋರ್ಟಿಗೆ ಹೋದರೆ ಏನು ಮಾಡುತ್ತೀರಿ ಎಂದು ಅವರು ಹೆದರಿಸಿದ್ದರು. ಸುಧಾಮಣಿಗೆ ಇದು ಹೇಳದೆಯೇ ಅರ್ಥವಾಯಿತು. ಹೊಲ ಬೇಕಾಗಿದ್ದರೆ ಅಪ್ಪ ಸತ್ತ ವರ್ಷವೇ ಕೇಳುತ್ತಿದ್ದೆ, ನನಗೆ ಹೊಲ ಬೇಡ, ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರು ಇರಲಿ ಅಷ್ಟೆ ಎಂದಳು. ನೀಲಕಂಠಸ್ವಾಮಿಯವರು ನೋಡೋಣ ಎಂದರು. ಅವರ ನೋಡೋಣಕ್ಕೆ ಇಲ್ಲ ಎಂದು ಅರ್ಥವೆಂಬುದು ಕೇರಳದ ಲಾರಿ ಡ್ರೈವರುಗಳಿಗೂ ಗೊತ್ತಿತ್ತು.

ಆ ಮಧ್ಯಾಹ್ನ ಮುದ್ದೆ ಬಡಿಸಲು ಬಂದ ಮನೆಯಾಕೆ ಫೋನಿನಲ್ಲಿದ್ದ ನಕ್ಷೆಯನ್ನು ಬಗ್ಗಿ ನೋಡಿದರು. ಸೊಪ್ಪಿನ ಸಾರು ಹಾಕಿದರು, ಮತ್ತೊಮ್ಮೆ ನೋಡಿದರು.

"ನಿಮ್ಮೆಸ್ರ ಕೆಳಗೆ ಬರೀ ಕಲ್ಲದೆ," ಎಂದರು.

"ಅದು ಡಿಸೈನು," ಎಂದರು ನೀಲಕಂಠಸ್ವಾಮಿಯವರು.

ಅವರಿಗಿದ್ದದ್ದು ಒಬ್ಬಳೇ ಮಗಳು, ನಯನಾ. ಈಗ ಮಂಡಿ ನಡೆಯುತ್ತಿದ್ದದ್ದೇ ಅವಳಿಂದ. ಕೇರಳದ ವ್ಯಾಪಾರಿಗಳ ಜತೆ ಅವರದೇ ಮಲಯಾಳದಲ್ಲಿ ಜಗಳವಾಡಿ, ಅದೇ ಮಲಯಾಳದಲ್ಲಿ ರಾಜಿಯಾಗಿ ಟೀ ಕುಡಿಸಿ ಕಳಿಸುತ್ತಿದ್ದಳು. ನಕ್ಷೆಯನ್ನು ಅವಳೂ ನೋಡಿದ್ದಳು. ನೋಡಿ ಲಾರಿಯ ಲೆಕ್ಕಕ್ಕೆ ಹಿಂತಿರುಗಿದ್ದಳು. ಅದು ನೀಲಕಂಠಸ್ವಾಮಿಯವರನ್ನು ಒಂದೆರಡು ದಿನ ಕಾಡಿತು. ಆಮೇಲೆ ಈರುಳ್ಳಿಯ ರೇಟು ಬಿದ್ದು ಅದು ಮರೆತುಹೋಯಿತು.

ಕಲ್ಲಿನ ಕೆಲಸ ಮುಕ್ಕಾಲು ಮುಗಿದಾಗ ರಘುನಾಥ ಮೂಲಪುರುಷರ ತಾರೀಕುಗಳನ್ನು ಕೇಳಿದ. ಕಮಾನಿನ ಮೇಲೆ ತಾರೀಕು ಇರುವಾಗ ಕರಿಕಲ್ಲಿನ ಮೇಲೆ ಇಲ್ಲದೆ ಆಗುತ್ತದೆಯೇ? ಮಹಾರಾಜರು ಹೊಲ ಕೊಟ್ಟಿದ್ದರೆ ಅದಕ್ಕೊಂದು ಕಾಗದ ಇರಲೇಬೇಕು, ಕಾಗದದಲ್ಲಿ ತಾರೀಕು ಇರಲೇಬೇಕು ಎಂದು ನೀಲಕಂಠಸ್ವಾಮಿಯವರು ಚಾಮರಾಜನಗರದ ರೆಕಾರ್ಡ್ ರೂಮಿಗೆ ಹೊರಟರು.

ಮೊದಲ ದಿನ ಅರ್ಜಿಯ ಫಾರಂ ಮುಗಿದುಹೋಗಿತ್ತು. ಎರಡನೆಯ ದಿನ ಫಾರಂ ಇತ್ತು, ಬೀಗದ ಕೈ ಇಟ್ಟುಕೊಂಡವರು ತರಬೇತಿಗೆ ಹೋಗಿದ್ದರು. ಮೂರನೆಯ ದಿನ ಬೀಗದ ಕೈಯೂ ಇತ್ತು, ಅದರ ಜತೆಗೆ ಬಂದವರು ಯಾವ ಇಸವಿಯ, ಯಾವ ಸರ್ವೆ ನಂಬರಿನ, ಯಾವ ವಿಧದ ದಾಖಲೆ ಬೇಕೆಂದು ಕೇಳಿದರು. ಹುಲಿ ಹೊಡೆದ ಇಸವಿ ಎಂದರೆ ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ದಾರಿ ತೋರಿಸಿದವಳು ಸುಧಾಮಣಿಯೇ. ರೆಕಾರ್ಡ್ ರೂಮಿನಲ್ಲಿ ಗುಮಾಸ್ತೆಯಾಗಿದ್ದ ಭವ್ಯ ಅವಳ ಹಳೆಯ ವಿದ್ಯಾರ್ಥಿನಿ. ತಂಗಿಯ ಹೆಸರು ಬೇಡವಾಗಿದ್ದ ಅಣ್ಣನಿಗೆ ತಂಗಿಯ ಶಿಫಾರಸು ಬೇಡವಾಗಲಿಲ್ಲ.

ಭವ್ಯ ಮುಖಕ್ಕೆ ದುಪಟ್ಟಾ ಕಟ್ಟಿಕೊಂಡು ಒಳಗೆ ಹೋದವಳು ಒಂದೂವರೆ ಗಂಟೆ ಕಾಣಲಿಲ್ಲ. ಹೊರಗೆ ಬಂದಾಗ ಕೈಯಲ್ಲಿ ಕೆಂಪು ಬಟ್ಟೆಯ ಗಂಟು ಇತ್ತು, ತಲೆಯ ಮೇಲೆ ಜೇಡರ ಬಲೆ ಇತ್ತು. ಗಂಟು ಬಿಚ್ಚಿ, ಹಾಳೆಗಳನ್ನು ಒಂದೊಂದಾಗಿ ತಿರುವಿ, ಹಂಗಳದ ಹಾಳೆಯಲ್ಲಿ ಬೆರಳಿಟ್ಟಳು.

"ಸಾರ್, ಖಾತೆದಾರರು ಮಲ್ಲಾಜಮ್ಮ ಅಂತ ಇದೆ."

"ಅದ್ಯಾರು? ಚಿಕ್ಕಮಲ್ಲಪ್ಪ ಅಂತ ನೋಡಮ್ಮ. ಪಟೇಲ್ ಚಿಕ್ಕಮಲ್ಲಪ್ಪ."

"ಪಟೇಲರು ಬೇರೆಯವರು ಸಾರ್, ಇಲ್ಲಿ ಕೆಳಗೆ ಸಹಿ ಹಾಕಿದ್ದಾರೆ. ಚಿಕ್ಕಮಲ್ಲಪ್ಪ ಷರಾ ಕಾಲಂನಲ್ಲಿದ್ದಾರೆ." ಅವಳು ಓದಿ ಹೇಳಿದಳು. ಸದರಿ ಜಮೀನು ತಂದೆಯಿಂದ ಮಗಳಾದ ಮಲ್ಲಾಜಮ್ಮನಿಗೆ ಬಂದದ್ದು, ಗಂಡುಮಕ್ಕಳಿಲ್ಲ, ಸದರಿಯವಳ ಗಂಡ ಚಿಕ್ಕಮಲ್ಲಪ್ಪ, ತಾಳವಾಡಿ ಕಡೆಯವನು, ಮನೆ ಅಳಿಯ.

ನೀಲಕಂಠಸ್ವಾಮಿಯವರು ಬೇರೆ ಯಾರೋ ಚಿಕ್ಕಮಲ್ಲಪ್ಪ ಇರಬೇಕೆಂದರು. ಭವ್ಯ ಸರ್ವೆ ನಂಬರು ಓದಿದಳು. ಅದು ಗದ್ದಿಗೆಗಳಿದ್ದ ಹೊಲದ ನಂಬರು. ಅವರೇ ಪ್ರತಿ ವರ್ಷ ಪಹಣಿ ತೆಗೆಸುತ್ತಿದ್ದ ನಂಬರು. ಬಾಯಿಪಾಠವಾಗಿದ್ದ ಆ ಅಂಕಿ ಬೇರೆಯವರ ಬಾಯಲ್ಲಿ ಕೇಳಿ ಅವರ ಮುಖ ಸಪ್ಪಗಾಯಿತು. ಮಹಾರಾಜರ ಹೆಸರು ಏನಾದರೂ ಇದೆಯೇ ಎಂದು ಕೊನೆಯ ಆಸೆಯಿಂದ ಕೇಳಿದರು. ಇತ್ತು. ಮಹಾರಾಜರ ಮೀಸಲು ಕಾಡಿಗೆ ಮೇಕೆ ಬಿಟ್ಟದ್ದಕ್ಕೆ ಚಿಕ್ಕಮಲ್ಲಪ್ಪನಿಗೆ ದಂಡ ಹಾಕಿ, ಅದನ್ನು ಹೆಂಡತಿ ಮಲ್ಲಾಜಮ್ಮ ಬಂದು ಕಟ್ಟಿ ಗಂಡನನ್ನು ಬಿಡಿಸಿಕೊಂಡು ಹೋದಳೆಂದು ಇನ್ನೊಂದು ಹಾಳೆಯಲ್ಲಿ ಬರೆದಿತ್ತು. ಅದರಲ್ಲಿ ತಾರೀಕೂ ಇತ್ತು.

ಭವ್ಯ ದೃಢೀಕೃತ ನಕಲು ತೆಗೆದುಕೊಟ್ಟು, ಸುಧಾಮಣಿ ಮೇಡಂಗೂ ಒಂದು ಕಾಪಿ ಕೊಡಲೇ ಎಂದು ಕೇಳಿದಳು. ಬೇಡಮ್ಮ, ಅವರಿಗೆ ನಾನೇ ಹೇಳುತ್ತೇನೆ ಎಂದು ನೀಲಕಂಠಸ್ವಾಮಿಯವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಹಾಕಿಕೊಂಡರು.

ಗುಂಡ್ಲುಪೇಟೆಗೆ ವಾಪಸು ಬರುವಾಗ ತೆರಕಣಾಂಬಿಯಲ್ಲಿ ಟೀಗೆ ನಿಲ್ಲಿಸಿದರು. ಮನಸ್ಸಿನಲ್ಲಿ ಸರ್ಕಾರವನ್ನು ಬೈಯುತ್ತಿದ್ದರು. ಬದುಕಿದವರನ್ನು ಸತ್ತವರೆಂದು ಬರೆದು ಪಿಂಚಣಿ ನಿಲ್ಲಿಸುವ ಇಲಾಖೆಗಳು ಸತ್ತವರ ವಿಷಯ ಸರಿಯಾಗಿ ಬರೆದಿರುತ್ತವೆಯೇ? ಹೀಗೆ ಯೋಚಿಸುತ್ತಿರುವಾಗಲೇ ಅವರಿಗೆ ಹೆಳವರು ನೆನಪಾದರು.

ಹೆಳವರೆಂದರೆ ಒಂದೊಂದು ಮನೆಯ ವಂಶವನ್ನೂ ತಲೆಮಾರುಗಳಿಂದ ಬರೆದಿಟ್ಟುಕೊಂಡು ಬಂದವರು. ಸುಗ್ಗಿ ಮುಗಿದ ಮೇಲೆ ಬಂದು, ಜಗಲಿಯಲ್ಲಿ ಕೂತು ಪುಸ್ತಕ ಬಿಚ್ಚಿ, ಹಿಂದಿನವರ ಹೆಸರೆಲ್ಲ ಓದಿ, ಹೊಸ ಹುಟ್ಟು ಸಾವುಗಳನ್ನು ಬರೆದುಕೊಂಡು, ರಾಗಿ, ಬಟ್ಟೆ ಪಡೆದು ಹೋಗುತ್ತಾರೆ. ನೀಲಕಂಠಸ್ವಾಮಿಯವರು ಚಿಕ್ಕವರಿದ್ದಾಗ ತಾತ ಗುರುಮಲ್ಲಪ್ಪನವರು ಹೆಳವರ ಎದುರಿಗೆ ಕೈಮುಗಿದು ನಿಲ್ಲುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿತ್ತು. ಹೆಳವರು ಒಂದು ಹೆಸರು ಓದಿ ನಿಲ್ಲಿಸುತ್ತಿದ್ದರು. ತಾತ ಹೌದು ಎನ್ನಬೇಕು. ಆಮೇಲೆ ಮುಂದಿನ ಹೆಸರು. ಮನೆಯ ಹಿರಿಯ ಯಾವುದಾದರೂ ಹೆಸರಿಗೆ ಹೌದು ಎನ್ನದಿದ್ದರೆ ಅಲ್ಲಿಗೇ ಪುಸ್ತಕ ಕಟ್ಟಿ ಎದ್ದುಬಿಡುತ್ತಿದ್ದರು. ಮತ್ತೆ ಆ ಮನೆಯ ಮೆಟ್ಟಿಲು ತುಳಿಯುತ್ತಿರಲಿಲ್ಲ. ಬಾಲಕ ನೀಲಕಂಠನಿಗೆ ಅಷ್ಟು ಹೊತ್ತು ಕೂರಲು ಆಗುತ್ತಿರಲಿಲ್ಲ, ಎದ್ದು ಗೋಲಿ ಆಡಲು ಓಡುತ್ತಿದ್ದ. ಪೂರ್ತಿ ಕೂತು ಕೇಳುತ್ತಿದ್ದವಳು ಸುಧಾ. ಆದರೂ ಒಂದು ಸಾಲಿನಲ್ಲಿ ಚಿಕ್ಕಮಲ್ಲಪ್ಪ ಎಂಬ ಹೆಸರೂ ಹುಲಿಯೂ ಒಟ್ಟಿಗೆ ಬಂದದ್ದು ಅವರಿಗೆ ಖಂಡಿತವಾಗಿ ನೆನಪಿತ್ತು. ಅಷ್ಟು ಸಾಕು ಎನಿಸಿತು. ಹೆಳವರು ಮನೆತನ ಹೊಗಳುವವರೇ ಹೊರತು ಮೇಕೆಯ ದಂಡ ಎತ್ತಿ ಆಡುವವರಲ್ಲ.

ಅವರ ಮನೆಯ ಹೆಳವರ ಈಗಿನ ಪೀಳಿಗೆಯ ಮಹದೇವಯ್ಯ ತೆರಕಣಾಂಬಿಯ ಆಚೆಯೇ ಇದ್ದ. ಅವನಪ್ಪ ಕೋಡಿಗೆ ಗಗ್ಗರದ ಗೆಜ್ಜೆ ಕಟ್ಟಿದ ಎತ್ತಿನ ಮೇಲೆ ಬರುತ್ತಿದ್ದ. ಇವನು ಮೊಪೆಡ್ಡಿನಲ್ಲಿ ತಿರುಗುತ್ತಿದ್ದ. ನೀಲಕಂಠಸ್ವಾಮಿಯವರು ಶಾಲು, ಫಲತಾಂಬೂಲ, ವೇದಿಕೆಯ ಮೇಲೆ ಸ್ವಾಮಿಗಳ ಪಕ್ಕದಲ್ಲೇ ಆಸನ ಎಂದೆಲ್ಲ ಹೇಳಿ, ನಮ್ಮ ಮನೆ ವಿಷಯ ಚೆನ್ನಾಗಿ ಓದಬೇಕು ಎಂದರು.

"ಪುಸ್ತಕದಾಗೆ ಇರಾದ ಓದ್ತೀನಿ ಯಜಮಾನ್ರೆ," ಎಂದ ಮಹದೇವಯ್ಯ.

ಅದನ್ನು ನೀಲಕಂಠಸ್ವಾಮಿಯವರು ಒಪ್ಪಿಗೆಯೆಂದು ತೆಗೆದುಕೊಂಡರು. ರಘುನಾಥನಿಗೆ ಫೋನು ಮಾಡಿ, ತಾರೀಕು ಬೇಡ, ಮಹಾಪುರುಷರಿಗೆ ತಾರೀಕು ಯಾಕೆ, ಇದ್ದಂತೆಯೇ ಮುಗಿಸು ಎಂದರು.

ಶ್ರಾವಣದ ಮೂರನೇ ಸೋಮವಾರ ಹಂಗಳದ ಹೊಲದಲ್ಲಿ ಶಾಮಿಯಾನ ಎದ್ದಿತು. ಕಲ್ಲಿಗೆ ಹಳದಿ ಪರದೆ ಹೊದಿಸಿ ಹಗ್ಗವನ್ನು ಸ್ವಾಮಿಗಳ ಕೈಗೆ ಎಟಕುವಂತೆ ಕಟ್ಟಿದ್ದರು. ಮುನ್ನೂರು ಜನ ಸೇರಿದ್ದರು. ಎದುರು ಮಂಡಿಯವರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಸುಧಾಮಣಿಯೂ ಬಂದಿದ್ದಳು, ಹೆಂಗಸರ ನಡುವೆ ಕೊನೆಯ ಸಾಲಿನಲ್ಲಿ. ಅಣ್ಣ ಕರೆದಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಅತ್ತಿಗೆ ಫೋನು ಮಾಡಿ ಕರೆದಿದ್ದರು.

ಮಹದೇವಯ್ಯ ಚೀಲದಿಂದ ಪುಸ್ತಕ ತೆಗೆದು, ಕಣ್ಣಿಗೊತ್ತಿಕೊಂಡು, ಮನೆಯ ಹಿರಿಯರು ಎದುರಿಗೆ ಬಂದು ನಿಲ್ಲಬೇಕು ಎಂದ. ನೀಲಕಂಠಸ್ವಾಮಿಯವರು ರೇಷ್ಮೆ ಪಂಚೆ ಸರಿಮಾಡಿಕೊಂಡು ಕೈಮುಗಿದು ನಿಂತರು. ಮೈಕು ಒಮ್ಮೆ ಕೂಗಿ ಸುಮ್ಮನಾಯಿತು.

"ಈ ಮನೆ ಮೊದಲ್ನೆ ಹೆಸ್ರು ಮಲ್ಲಾಜಮ್ಮ. ಹೌದಾ ಯಜಮಾನ್ರೆ?"

ಒಳಜೇಬಿನಲ್ಲಿ ಮಡಿಸಿಟ್ಟಿದ್ದ ಕಾಗದ ಎದೆಗೆ ಚುಚ್ಚಿದಂತಾಯಿತು. ಹೌದು ಎಂದರೆ ಹಳದಿ ಪರದೆಯ ಹಿಂದಿನ ಕಲ್ಲು ಸುಳ್ಳಾಗುತ್ತದೆ. ಹೌದು ಎನ್ನದಿದ್ದರೆ ಮಹದೇವಯ್ಯ ಪುಸ್ತಕ ಕಟ್ಟಿ ಎದ್ದುಬಿಡುತ್ತಾನೆ. ಮುನ್ನೂರು ಜನರ ಎದುರಿಗೆ, ಎದುರು ಮಂಡಿಯವರ ಎದುರಿಗೆ, ಮುತ್ತಾತನೂ ಇಲ್ಲ ಮುತ್ತಜ್ಜಿಯೂ ಇಲ್ಲದ ಮನುಷ್ಯನಾಗಿ ನಿಲ್ಲಬೇಕಾಗುತ್ತದೆ. ಪಕ್ಕದಲ್ಲಿದ್ದ ರಾಜಶೇಖರ ಏನಣ್ಣ ಇದು ಎಂದು ಪಿಸುಗುಟ್ಟಿದ. ಸುಮ್ನಿರ್ಲಾ ಎಂದು ನೀಲಕಂಠಸ್ವಾಮಿಯವರು ಗಂಟಲು ಸರಿಮಾಡಿಕೊಂಡರು.

"ಹೌದು."

ಆಮೇಲೆ ನಿಲ್ಲಿಸುವುದು ಅವರ ಕೈಯಲ್ಲಿರಲಿಲ್ಲ. ಮಲ್ಲಾಜಮ್ಮನಿಗೆ ತಾಳವಾಡಿ ಕಡೆಯಿಂದ ಚಿಕ್ಕಮಲ್ಲಪ್ಪನನ್ನು ತಂದು ಮನೆ ಅಳಿಯ ಮಾಡಿಕೊಂಡದ್ದಕ್ಕೆ ಹೌದು ಎಂದರು. ಹೊಲ ಉತ್ತಿಸಿದವಳು, ಬಾವಿ ತೋಡಿಸಿದವಳು ಮಲ್ಲಾಜಮ್ಮ ಎಂಬುದಕ್ಕೆ ಹೌದು ಎಂದರು. ಅಷ್ಟರಲ್ಲಿ ಹುಲಿ ಬಂತು. ನೀಲಕಂಠಸ್ವಾಮಿಯವರು ಆಸೆಯಿಂದ ತಲೆ ಎತ್ತಿದರು. ಹಟ್ಟಿಗೆ ಹುಲಿ ನುಗ್ಗಿದಾಗ ಚಿಕ್ಕಮಲ್ಲಪ್ಪ ಹುಣಸೆಮರ ಹತ್ತಿದ, ಮಲ್ಲಾಜಮ್ಮ ಒಲೆಯ ಕೊಳ್ಳಿ ಹಿಡಿದು ಹುಲಿಯನ್ನು ಕಾಡಿಗೆ ಅಟ್ಟಿದಳು, ಗಂಡನನ್ನು ಇಳಿಸಲು ಪಟೇಲರ ಮನೆಯಿಂದ ಏಣಿ ತರಿಸಬೇಕಾಯಿತು ಎಂದು ಮಹದೇವಯ್ಯ ರಾಗವಾಗಿ ಓದಿ, ಹೌದಾ ಯಜಮಾನ್ರೆ ಎಂದು ನಿಲ್ಲಿಸಿದ. ಈ ಮನೆಗೂ ಪಟೇಲಿಕೆಗೂ ಇದ್ದ ಸಂಬಂಧ ಆ ಏಣಿ ಒಂದೇ ಎಂಬುದು ಊರಿಗೆಲ್ಲ ತಿಳಿಯಿತು. ಹೆಂಗಸರ ಸಾಲುಗಳಲ್ಲಿ ಸೆರಗುಗಳು ಬಾಯಿಗೆ ಹೋದವು. ಎದುರು ಮಂಡಿಯವರು ಕಾಲು ಇಳಿಸಿ ಮುಂದಕ್ಕೆ ಬಾಗಿ ಕೂತರು.

"ಹೌದು," ಎಂದರು ನೀಲಕಂಠಸ್ವಾಮಿಯವರು. ಮರ ಹತ್ತಿದವರು ತಾವೇ ಎನ್ನುವಷ್ಟು ಬೆವೆತಿದ್ದರು.

ಗುರುಮಲ್ಲಪ್ಪ ಬಂದು ಹೋದರು. ಪುಟ್ಟಬಸಪ್ಪ ಬಂದರು.

"ಪುಟ್ಟಬಸಪ್ಪನಿಗೆ ಮೂರು ಮಕ್ಕಳು. ಹಿರಿಯ ನೀಲಕಂಠಸ್ವಾಮಿ, ನಡುವ್ಲವಳು ಸುಧಾಮಣಿ, ಕಿರಿಯ ರಾಜಶೇಖರ. ಹೌದಾ?"

ಇದಕ್ಕೆ ಹೌದು ಎನ್ನುವಾಗ ನೀಲಕಂಠಸ್ವಾಮಿಯವರು ಕೊನೆಯ ಸಾಲಿನ ಕಡೆ ನೋಡಲಿಲ್ಲ. ಇಲ್ಲಿಗೆ ಮುಗಿಯಿತು ಎಂದುಕೊಂಡರು. ಇಪ್ಪತ್ತೆಂಟು ವರ್ಷದಿಂದ ಅವರ ಮನೆಗೆ ಹೆಳವರು ಬಂದಿರಲಿಲ್ಲ, ಬಾರದ ಮೇಲೆ ಮುಂದೆ ಬರೆದಿರುವುದಾದರೂ ಏನು? ಆದರೆ ಮಹದೇವಯ್ಯ ಹಾಳೆ ತಿರುವಿದ. ಈ ಹಾಳೆ ಹೊಸದಾಗಿತ್ತು, ಬಾಲ್‌ಪೆನ್ನಿನ ನೀಲಿ ಅಕ್ಷರ.

"ನೀಲಕಂಠಸ್ವಾಮಿಗೆ ಒಬ್ಳೇ ಮಗಳು, ನಯನಾ. ಹುಟ್ಟಿದ್ದು ಶ್ರಾವಣ ಮಾಸ, ನಾಗರಪಂಚಮಿ ಮಾರನೇ ದಿನ, ಬೆಳಕರಿಯೋ ಹೊತ್ಗೆ. ಬರ್ಸಿದೋರು ಸೋದರತ್ತೆ ಸುಧಾಮಣಿ. ಹೌದಾ ಯಜಮಾನ್ರೆ?"

ನೀಲಕಂಠಸ್ವಾಮಿಯವರಿಗೆ ಆ ವರ್ಷ ನೆನಪಾಯಿತು. ಮಗು ಹುಟ್ಟಿ ಆರು ತಿಂಗಳಾಗಿತ್ತು. ಮಹದೇವಯ್ಯನ ಅಪ್ಪ ಗಗ್ಗರದ ಎತ್ತು ನಿಲ್ಲಿಸಿಕೊಂಡು ಗೇಟಿನ ಹೊರಗೆ ನಿಂತಿದ್ದ, ಹೊಸ ಹೆಸರು ಬರೆದುಕೊಳ್ಳಲು. ಹುಟ್ಟಿರುವುದು ಹೆಣ್ಣು, ಬರೆಯುವುದೇನಿದೆ ಹೋಗಯ್ಯ ಎಂದು ಇವರು ಒಳಗಿನಿಂದಲೇ ಕೂಗಿದ್ದರು. ಅವನು ಎತ್ತು ತಿರುಗಿಸಿಕೊಂಡು ಹೋದದ್ದನ್ನು ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಮನೆಯಾಕೆ ನೋಡಿದ್ದರು. ಅವರೇ ನಾದಿನಿಗೆ ಹೇಳಿರಬೇಕು. ಸುಧಾ ಆ ಹೆಳವನನ್ನು ಚಾಮರಾಜನಗರದಲ್ಲಿ ಹುಡುಕಿ, ಕೂರಿಸಿ, ಉಣ್ಣಿಸಿ ಬರೆಸಿದ್ದಳು. ಕೊಟ್ಟ ಹೆಣ್ಣುಮಗಳಿಗೆ ತವರಿನ ಹೆಳವರನ್ನು ಸಾಕುವ ಕಟ್ಟುಪಾಡು ಯಾವ ಕಾಲದಲ್ಲೂ ಇರಲಿಲ್ಲ. ಇಪ್ಪತ್ತೆಂಟು ವರ್ಷ ರಾಗಿ ಅವಳದು, ಬಟ್ಟೆ ಅವಳದು, ವಂಶ ಇವರದು. ಅವಳ ಹೆಸರು ಕಲ್ಲಿಗೆ ಬೇಡವೆಂದ ಅಣ್ಣನ ಮಗಳನ್ನು ಅವಳು ಪುಸ್ತಕಕ್ಕೆ ಸೇರಿಸಿ ಇಟ್ಟಿದ್ದಳು.

ಅವರು ಹೌದು ಎಂದರು. ಸದ್ದು ಬರಲಿಲ್ಲ.

"ಕೇಳ್ನಿಲ್ಲ ಯಜಮಾನ್ರೆ."

"ಹೌದು ಕಣಯ್ಯ, ಹೌದು. ನನ್ನ ಮಗಳೇ."

ಶಾಮಿಯಾನದ ಕಂಬದ ಹತ್ತಿರ ಕೇರಳದಿಂದ ಬಂದಿದ್ದ ಅತಿಥಿಗಳಿಗೆ ಮಜ್ಜಿಗೆ ಕೊಡಿಸುತ್ತಿದ್ದ ನಯನಾ ಲೋಟ ಕೈಯಲ್ಲಿ ಹಿಡಿದು ಹಾಗೆಯೇ ನಿಂತುಬಿಟ್ಟಳು. ಅಪ್ಪ ಅಷ್ಟು ಜನರ ಎದುರಿಗೆ ಅಳುತ್ತಿದ್ದದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಇನ್ನು ಉಳಿದದ್ದು ಪರದೆ. ಸ್ವಾಮಿಗಳು ಹಗ್ಗಕ್ಕೆ ಕೈ ಹಾಕಿದರು. ನೀಲಕಂಠಸ್ವಾಮಿಯವರು ಓಡಿಹೋಗಿ ಹಗ್ಗ ಹಿಡಿದುಕೊಂಡರು.

"ಪರದೆ ಇರ್ಲಿ ಬುದ್ಧಿ. ಕಲ್ಲು ತಪ್ಪಾಗದೆ."

ಸ್ವಾಮಿಗಳಿಗೆ ಹನ್ನೊಂದೂವರೆಗೆ ಇನ್ನೊಂದು ಕಡೆ ಗೃಹಪ್ರವೇಶವಿತ್ತು. ಸರಿಯಾದ ಮೇಲೆ ಹೇಳಿ ಕಳಿಸಿರಪ್ಪ ಎಂದು ಹಗ್ಗ ಬಿಟ್ಟು, ಆಶೀರ್ವಾದ ಮಾಡಿ ಕಾರು ಹತ್ತಿದರು. ಎದುರು ಮಂಡಿಯವರು ಊಟ ಮಾಡಿಕೊಂಡೇ ಹೋದರು. ಪಾಯಸ ಎರಡು ಸಲ ಹಾಕಿಸಿಕೊಂಡರಂತೆ. ಆ ವಾರದಲ್ಲೇ ತಮ್ಮ ಕಮಾನಿನ ತಾರೀಕುಗಳಿಗೆ ಬಣ್ಣ ಬಳಿಸಿ ಮುಚ್ಚಿಸಿದರು. ಮಹದೇವಯ್ಯ ಅವರ ಮನೆಯ ಪುಸ್ತಕವನ್ನೂ ಇಟ್ಟುಕೊಂಡಿದ್ದಾನೆಂದು ಯಾರೋ ಅವರಿಗೆ ಹೇಳಿದ್ದರು.

ಕಲ್ಲು ಮೂರು ವಾರ ಪರದೆಯಲ್ಲೇ ನಿಂತಿತು. ಊಟಿಗೆ ಹೋಗುವಾಗ ರಸ್ತೆ ಪಕ್ಕದ ಸೂರ್ಯಕಾಂತಿ ಹೊಲದಲ್ಲಿ ಸೆಲ್ಫಿ ತೆಗೆದುಕೊಳ್ಳಲು ಇಳಿದವರು, ಇದು ಯಾವುದೋ ಹೊಸ ದೇವರೆಂದು ಕುಂಕುಮ ಹಚ್ಚಿ ಬಾಳೆಹಣ್ಣು ಇಟ್ಟು ಹೋಗತೊಡಗಿದರು. ಬಾಳೆಹಣ್ಣಿಗೆ ಕಾಡಿನಿಂದ ಕೋತಿಗಳು ಬಂದವು. ಇದು ಹೀಗೇ ಬಿಟ್ಟರೆ ಆನೆಯೂ ಬರುತ್ತದೆಂದು ಪಕ್ಕದ ಹೊಲದವರು ತಕರಾರು ತೆಗೆದ ಮೇಲೆ ನೀಲಕಂಠಸ್ವಾಮಿಯವರು ಕಲ್ಲನ್ನು ರಘುನಾಥನ ಶೆಡ್ಡಿಗೆ ಸಾಗಿಸಿದರು. ವಕೀಲರು ಫೋನು ಮಾಡಿ, ಏನೇ ಬರೆಸಿದರೂ ನನಗೊಮ್ಮೆ ತೋರಿಸಿ, ಹೊಲದ ವಿಷಯ ಎಂದರು. ಹೊಲ ಮೊದಲಿಗೆ ಬಂದದ್ದೇ ಮಗಳ ಕಡೆಯಿಂದ, ಈಗ ಹೋದರೂ ಮಗಳ ಕಡೆಗೇ ಹೋಗಲಿ ಬಿಡಿ ಎಂದು ಇವರು ಫೋನಿಟ್ಟರು. ಇಟ್ಟ ಮೇಲೆ ತಾವು ಅಂದದ್ದಕ್ಕೆ ತಾವೇ ಸ್ವಲ್ಪ ಗಾಬರಿಯಾದರು.

ಕರಿಕಲ್ಲಿನ ಮೇಲೆ ಕೆತ್ತಿದ್ದನ್ನು ಅಳಿಸಲು ಬರುವುದಿಲ್ಲ ಎಂದ ರಘುನಾಥ. ಬೆನ್ನನ್ನು ಪಾಲಿಷ್ ಮಾಡಿ ಅಲ್ಲಿ ಹೊಸದಾಗಿ ಕೆತ್ತಬಹುದು. ಹುಲಿ, ಮೀಸೆ ಎಲ್ಲ ಹಿಂದಕ್ಕೆ ಹೋಗಿ ಹೊಲ ನೋಡಿಕೊಂಡಿರುತ್ತವೆ. ಹಾಗೇ ಆಗಲಿ ಎಂದಾಯಿತು.

ಕೆತ್ತುವ ಮೊದಲು ಸೀಮೆಸುಣ್ಣದಲ್ಲಿ ಬರೆದದ್ದನ್ನು ನೋಡಿ ಒಪ್ಪಿಗೆ ಕೊಡಲು ಮನೆಯವರೆಲ್ಲ ಒಂದು ಭಾನುವಾರ ಶೆಡ್ಡಿಗೆ ಹೋದರು. ಸುಧಾಮಣಿ ಆಟೋದಲ್ಲಿ ಬಂದಳು. ತುದಿಯಲ್ಲಿ ಮಲ್ಲಾಜಮ್ಮ, ಪಕ್ಕದಲ್ಲಿ ಅವಳ ಗಂಡ ಚಿಕ್ಕಮಲ್ಲಪ್ಪ. ಪುಟ್ಟಬಸಪ್ಪನ ಕೆಳಗೆ ಮೂರು ಕೊಂಬೆ. ನೀಲಕಂಠಸ್ವಾಮಿಯ ಕೆಳಗೆ ನಯನಾ. ಅಡಿಯಲ್ಲಿ ಒಂದು ಸಾಲು: ಬರೆಸಿದವರು ಸುಧಾಮಣಿ. ಅದರ ಕೆಳಗೆ ಇನ್ನೊಂದು ಸಾಲು, ಅಕ್ಷರ ಒಂದು ಸುತ್ತು ದಪ್ಪ: ಕಲ್ಲು ಕೊಡಿಸಿದವರು ನೀಲಕಂಠಸ್ವಾಮಿ, ಮಂಡಿ ಮಾಲೀಕರು, ಗುಂಡ್ಲುಪೇಟೆ. ನಯನಾ ಅದನ್ನು ಓದಿ ನಕ್ಕಳು. ಮನುಷ್ಯ ಒಂದೇ ತಿಂಗಳಲ್ಲಿ ಎಷ್ಟು ತಾನೆ ಬದಲಾಗುತ್ತಾನೆ.

ಸುಧಾಮಣಿ ತನ್ನ ಹೆಸರನ್ನು ಬೆರಳಿನಿಂದ ಮುಟ್ಟಲು ಹೋಗಿ, ಸೀಮೆಸುಣ್ಣ ಅಳಿಸೀತೆಂದು ಕೈ ಹಿಂದಕ್ಕೆ ತೆಗೆದುಕೊಂಡಳು. ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ಓದಿದಳು.

"ಅಣ್ಣ, ಮಲ್ಲಾಜಮ್ಮನ ಪಕ್ದಲ್ಲಿ ಅವಳ ಗಂಡ ಅವ್ನೆ. ನಿನ್ನ ಪಕ್ದಲ್ಲಿ ಯಾರೂ ಇಲ್ವಲ್ಲ."

ಸುಧಾಮಣಿ ಅತ್ತಿಗೆಯ ಕಡೆ ತಿರುಗಿ, ಹೆಳವರ ಪುಸ್ತಕದಲ್ಲಿ ಇಷ್ಟು ವರ್ಷ ನಾನೂ ನಿಮ್ಮ ಹೆಸರು ಬರೆಸಲಿಲ್ಲ, ನನಗೂ ಹೊಳೆಯಲಿಲ್ಲ ಎಂದಳು. ಅವಳ ಮುಖ ಚಿಕ್ಕದಾಗಿತ್ತು. ಶೆಡ್ಡಿನ ಬಾಗಿಲಲ್ಲಿ ಟೀ ಫ್ಲಾಸ್ಕು ಹಿಡಿದು ನಿಂತಿದ್ದ ಮನೆಯಾಕೆ ಇರಲಿ ಬಿಡಮ್ಮ ಎಂದರು. ಆದರೆ ಕಲ್ಲಿನಿಂದ ಕಣ್ಣು ತೆಗೆಯಲಿಲ್ಲ.

ರಘುನಾಥ ಸೀಮೆಸುಣ್ಣ ತೆಗೆದುಕೊಂಡು ನೀಲಕಂಠಸ್ವಾಮಿಯ ಪಕ್ಕದಲ್ಲಿ ಗೆರೆ ಎಳೆದ. ಅಮ್ಮಾವ್ರ ಹೆಸರು ಹೇಳಿ ಸಾರ್ ಎಂದ.

ನೀಲಕಂಠಸ್ವಾಮಿಯವರು ಬಾಯಿ ತೆರೆದರು. ಮೂವತ್ತೈದು ವರ್ಷ ಅವರು ಆಕೆಯನ್ನು ಇವಳೇ ಎಂದು ಕರೆದಿದ್ದರು, ಇಲ್ಲಿ ನೋಡು ಎಂದು ಕರೆದಿದ್ದರು, ನಯನಾ ಹುಟ್ಟಿದ ಮೇಲೆ ನಯನಾನ ಅಮ್ಮ ಎಂದು ಕರೆದಿದ್ದರು. ಹೆಸರು ಗೊತ್ತಿಲ್ಲವೆಂದಲ್ಲ. ನಾಲಿಗೆಯ ಮೇಲೆ ಅದು ಒಂದು ಸಲವೂ ನಡೆದಿರಲಿಲ್ಲ. ಇಷ್ಟು ದೂರ ಈ ಕತೆ ಹೇಳಿಕೊಂಡು ಬಂದ ನಮಗೂ ಆ ಹೆಸರಿನ ಅಗತ್ಯ ಬಿದ್ದಿರಲಿಲ್ಲ. ಮನೆಯಾಕೆ ಎಂದರೆ ಸಾಕಾಗಿತ್ತು.

ಆಕೆ ಕಾದರು. ಸಹಾಯ ಮಾಡಲಿಲ್ಲ. ಸೀಮೆಸುಣ್ಣ ಕಲ್ಲಿನ ಮೇಲೆ ನಿಂತೇ ಇತ್ತು. ಕೊನೆಗೆ ಫ್ಲಾಸ್ಕನ್ನು ನಯನಾಳ ಕೈಗೆ ಕೊಟ್ಟು, ಕಲ್ಲಿನ ಹತ್ತಿರ ಬಂದು, ರಘುನಾಥನಿಗೆ ಅಲ್ಲ, ಗಂಡನ ಮುಖ ನೋಡಿ ಹೇಳಿದರು.

"ದಾಕ್ಷಾಯಿಣಿ."

ನೀಲಕಂಠಸ್ವಾಮಿಯವರು, ಯಾರೂ ಕೇಳದಿದ್ದರೂ, ಎರಡೂ ಕೈ ಮುಗಿದರು.

"ಹೌದು," ಎಂದರು.